ಆಲಿವ್ ಮರ ಬೇಡುವ ಹವಾಗುಣ

(ಸಂಘದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಪೇಟೆಯಲ್ಲಿ ಆಲಿವ್ ಎಣ್ಣೆಯ ಬೆಲೆ ಕೇಳಿದರೆ ನಮ್ಮ ಕಡಲೆಕಾಯಿ ಎಣ್ಣೆ ಬಲು ಅಗ್ಗ ಅನ್ನಿಸುತ್ತೆ. ಅದಕ್ಕೇ ಕೆಲವು ಸದಸ್ಯರು, "ಆ ಗಿಡ ನಾವೂ ಹಾಕಬಾರದಾ? ಸಂಘದಿಂದ ಸಾಲ ಸಿಗುತ್ತಾ?" ಅಂತ ಕೇಳುತ್ತಿದ್ದಾರೆ. ಬೆಲೆ ನೋಡುವ ಮುಂಚೆ ಮರದ ಗುಣ ನೋಡೋಣ.

ಆಲಿವ್ ನಮ್ಮ ಮಲ್ಲಿಗೆಯ ಕುಟುಂಬದ ಮರ. ಆದರೆ ಅದರ ನೆಲೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಸ್ಪೇನ್, ಇಟಲಿ, ಗ್ರೀಸ್ ದೇಶಗಳು. ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಪೂರಾ ಒಣ. ನಮ್ಮಲ್ಲಿ ಇದಕ್ಕೆ ತಿರುಗುಮುರುಗು.

ಮಣ್ಣಿನ ವಿಷಯದಲ್ಲಿ ಈ ಮರಕ್ಕೆ ಹಟವಿಲ್ಲ. ಕಲ್ಲುನೆಲ, ಸುಣ್ಣದಂಶದ ನೆಲದಲ್ಲೂ ಬೆಳೆಯುತ್ತೆ. ಬುಡದಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತೆ.

ಹಟವಿರೋದು ಚಳಿಯ ವಿಷಯದಲ್ಲಿ. ಚಳಿಗಾಲದಲ್ಲಿ ಹಲವು ವಾರ ರಾತ್ರಿ 2ರಿಂದ 4 ಡಿಗ್ರಿ, ಹಗಲು 15ರಿಂದ 18 ಡಿಗ್ರಿ ಇದ್ದರೆ ಹೂಮೊಗ್ಗು ಚೆನ್ನಾಗಿ ಕಟ್ಟುತ್ತೆ. ಚಳಿ ಸಾಲದಿದ್ದರೆ ಗಿಡ ಹಸಿರಾಗಿ ಬೆಳೆಯುತ್ತೆ, ಹೂವು ಮಾತ್ರ ಬಿಡೋದಿಲ್ಲ. ಚಳಿ ಅತಿಯಾದರೂ ಕಷ್ಟ. 1956ರ ಫೆಬ್ರವರಿಯ ಹಿಮಕ್ಕೆ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಲಕ್ಷಾಂತರ ಮರಗಳು ಸುಟ್ಟುಹೋದವು. ಇನ್ನು ಹೂವಿನ ಕಾಲದಲ್ಲಿ ಬಿಸಿಗಾಳಿ ಬೀಸಿದರೆ ಕಾಯಿ ಕಟ್ಟೋದಿಲ್ಲ. 2022ರಲ್ಲಿ ಬಿಸಿಲು, ಬರ ಎರಡೂ ಸೇರಿ ಸ್ಪೇನಿನ ಎಣ್ಣೆ ಉತ್ಪಾದನೆ ಅರ್ಧಕ್ಕಿಂತ ಕೆಳಗಿಳಿಯಿತು. ತವರಿನಲ್ಲೇ ಹೀಗೆ!

ನಮ್ಮ ದೇಶದಲ್ಲೂ ಪ್ರಯತ್ನ ನಡೆದಿದೆ. ರಾಜಸ್ಥಾನ ಸರ್ಕಾರ 2008ರಲ್ಲಿ ಇಸ್ರೇಲ್ ನೆರವಿನಿಂದ ಆಲಿವ್ ಗಿಡ ಹಾಕಿಸಿತು. 2014ರಲ್ಲಿ ಬಿಕಾನೇರ್ ಜಿಲ್ಲೆಯಲ್ಲಿ ಎಣ್ಣೆ ಘಟಕವೂ ಶುರುವಾಯಿತು. ಅಲ್ಲಿಯ ಚಳಿಗಾಲದ ರಾತ್ರಿಗಳು ಒಳ್ಳೇ ಕೊರೆಯುತ್ತವೆ. ಆದರೂ ಗಿಡ ಹಾಕಿದ ಎಷ್ಟೋ ರೈತರಿಗೆ ಎಣಿಸಿದಷ್ಟು ಕಾಯಿ ಸಿಗಲಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್, ಜನವರಿಯಲ್ಲೂ ಹಗಲು 27-28 ಡಿಗ್ರಿ. ರಾತ್ರಿ 15 ಡಿಗ್ರಿಗೆ ಬಂದರೆ ನಾವು ಕಂಬಳಿ ಹೊದೆಯುತ್ತೇವೆ, ಆ ಮರಕ್ಕೆ ಅದು ಚಳಿಯೇ ಅಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನೋ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತೆ.

ಹೊಸ ಬೆಳೆ ಬೇಡ ಅಂತ ನಾವು ಹೇಳುತ್ತಿಲ್ಲ. ಸಾಲದ ಅರ್ಜಿ ಬರೆಯೋ ಮುಂಚೆ ಸಸಿ ಮಾರುವವರನ್ನು ಮೂರು ಮಾತು ಕೇಳಿ: ಇದಕ್ಕೆ ಚಳಿ ಎಷ್ಟು ಬೇಕು? ಮಳೆ ಯಾವ ತಿಂಗಳು ಬೇಕು? ನಮ್ಮಂಥದೇ ಹವೆಯಲ್ಲಿ ಕಾಯಿ ಬಿಟ್ಟ ತೋಟ ಎಲ್ಲಿದೆ? ಆ ತೋಟ ಕಣ್ಣಾರೆ ನೋಡಿ ಬನ್ನಿ. ಮರ ಹೂ ಬಿಡದಿದ್ದರೂ ಸಾಲದ ಕಂತು ಬಂದೇ ಬರುತ್ತೆ. ಸದಸ್ಯರು ಉಳಿದರೆ ಸಂಘ ಉಳಿದೀತು.