ಪರರ ಪೂಜ್ಯರೂ ಪೂಜ್ಯರೇ



ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆಗಳಲ್ಲಿ ನಮ್ಮ ಮಕ್ಕಳು ಎಲ್ಲ ಮತದ ಮಕ್ಕಳೊಡನೆ ಕುಳಿತು ಕಲಿಯುತ್ತಾರೆ. 'ಯೇಸುಸ್ವಾಮಿಯವರು' ಎನ್ನುವ ಮನೆಯ ಮಗುವಿಗೆ 'ಯೇಸು ಹೇಳಿದನು' ಎಂಬುದು ನೋವಾಗಬಹುದು. ಆದರೆ ಕನ್ನಡದಲ್ಲಿ ಏಕವಚನವೆಲ್ಲ ಅನಾದರವಲ್ಲ. ಬಸವಣ್ಣನವರು ಕೂಡಲಸಂಗಮದೇವನನ್ನು 'ನೀನು' ಎಂದೇ ಕರೆದರು. ಅದು ಭಕ್ತಿಯ ಸಲಿಗೆ. ಪರರ ಪೂಜ್ಯರ ವಿಷಯದಲ್ಲಿ ಆ ಸಲಿಗೆ ನಮಗಿಲ್ಲ.

ಆದುದರಿಂದ ಗೌರವವನ್ನು ಬಯಸುವ ನಾವು ಮೊದಲು ಗೌರವಿಸೋಣ. ತರೀಕೆರೆಯ ಸಮೀಪ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇಗುಲಕ್ಕೆ ಹೋದ ಮಕ್ಕಳು ಅಲ್ಲಿನ ಮೂರ್ತಿಗಳನ್ನು ಹಾಸ್ಯ ಮಾಡದಿರಲಿ. ಬುದ್ಧರನ್ನೂ ಪೈಗಂಬರರನ್ನೂ 'ಅವರು' ಎಂದೇ ನುಡಿಯಲಿ. ನೆರೆಯವರ ಲಗ್ನಪತ್ರಿಕೆಯ ಗಣಪತಿಯ ಚಿತ್ರವಾಗಲಿ, ನಮ್ಮ ಹಬ್ಬದ ಕರಪತ್ರದ ಮಾತೆ ಮರಿಯಮ್ಮನವರ ಚಿತ್ರವಾಗಲಿ, ಚರಂಡಿ ಸೇರದಿರಲಿ.

ಇತರ ಧರ್ಮಗಳ ಸತ್ಯವನ್ನೂ ಪವಿತ್ರತೆಯನ್ನೂ ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಸಾರಿತು. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ಧರ್ಮಭೇದ ಮೀರಿದ ಸಾಮರಸ್ಯವನ್ನು ಪ್ರತಿ ನಾಗರಿಕನ ಕರ್ತವ್ಯವಾಗಿಸಿತು.

ಶಾಲೆಯಲ್ಲಿ ಪ್ರಮಾದವಾದರೆ ಬೀದಿಗಿಳಿಯುವ ಮುನ್ನ ಉಪಾಧ್ಯಾಯರನ್ನು ಕಂಡು ವಿನಯದಿಂದ ತಿಳಿಸೋಣ. ಅಂತಹ ಮಾತಿಗೆ ಬೆಲೆ ಬರುವುದು, ಅನ್ಯರ ಪೂಜ್ಯರನ್ನು ಮನೆಯಲ್ಲಿಯೂ ನಾವು ಹಗುರಾಗಿ ಆಡದಿದ್ದಾಗ ಮಾತ್ರ.