ಗುಂಡಿ ತುಂಬಿದ ಮೇಲೆ



ಆದೋನಿಯಲ್ಲಿ ಕನ್ನಡ ಮಾತಾಡಲು ಯಾರೂ ಕಾರಣ ಕೊಡಬೇಕಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವವರೆಗೆ ಇದು ಬಳ್ಳಾರಿ ಜಿಲ್ಲೆಯ ತಾಲೂಕು. ಗೆರೆ ಎಳೆದಾದ ಮೇಲೂ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಮುಳ್ಳಿನ ಗಿಡವನ್ನು ಬಳ್ಳಾರಿ ಜಾಲಿ ಅಂತಲೇ ಕರೆಯುತ್ತೇವೆ. ಇವತ್ತಿನ ವಿಷಯವೂ ಆ ಜಾಲಿಯ ಮರೆಯಿಂದಲೇ ಶುರುವಾಗುತ್ತದೆ. ಬೆಳಕು ಹರಿಯುವ ಮುಂಚೆ ಚೆಂಬು ಹಿಡಿದು ಬಯಲಕಡೆ ಹೋಗುವ ಹೆಂಗಸರಿಗೆ ಈ ಸೀಮೆಯ ಎಷ್ಟೋ ಊರುಗಳಲ್ಲಿ ಇದ್ದ ಮರೆ ಅದೊಂದೇ.

ಈ ಎರಡು ದಿನದ ನಮ್ಮ ಚರ್ಚೆಗೆ ಆಯ್ದುಕೊಂಡಿರುವ ಸಿನಿಮಾ 2017ರ ಆಗಸ್ಟ್‌ನಲ್ಲಿ ತೆರೆಗೆ ಬಂದ ‘ಟಾಯ್ಲೆಟ್: ಏಕ್ ಪ್ರೇಮ್ ಕಥಾ’. ನಿರ್ದೇಶಕರು ಶ್ರೀ ನಾರಾಯಣ್ ಸಿಂಗ್. ಮಧ್ಯಪ್ರದೇಶದ ಬೇತುಲ್ ಜಿಲ್ಲೆಯಲ್ಲಿ ಗಂಡನ ಮನೆಯಲ್ಲಿ ಶೌಚಾಲಯವಿಲ್ಲವೆಂದು ತವರಿಗೆ ಮರಳಿದ ಅನಿತಾ ನರ್ರೆ ಎಂಬ ಹೆಣ್ಣುಮಗಳ ನಿಜಸಂಗತಿ ಅದರ ಹಿಂದಿದೆ. ಸಿನಿಮಾದಲ್ಲಿ ಓದಿದ ಸೊಸೆ ಜಯಾ, ಪ್ರೀತಿಸುವ ಗಂಡ ಕೇಶವ, ತುಳಸಿಕಟ್ಟೆ ಇರುವ ಅಂಗಳದಲ್ಲಿ ಅಂಥದ್ದು ಕೂಡದು ಎನ್ನುವ ಮಾವ. ಮಗ ವಾದ ಮಾಡುತ್ತಾನೆ, ಜಗಳವಾಡುತ್ತಾನೆ, ಪಂಚಾಯಿತಿಯ ಮೆಟ್ಟಿಲು ಹತ್ತುತ್ತಾನೆ. ಮಾವ ಕರಗುವುದು ಇವು ಯಾವುದಕ್ಕೂ ಅಲ್ಲ. ಮುದಿ ತಾಯಿ ಮನೆಯಲ್ಲೇ ಬಿದ್ದು, ಬಯಲಿಗೆ ನಡೆಯಲಾರದೆ, ನನ್ನನ್ನು ಒಳಗೇ ಕರೆದುಕೊಂಡು ಹೋಗು ಎಂದು ಹಟ ಹಿಡಿದಾಗ ಕರಗುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ನಿಜ ಅನ್ನಿಸಿದ್ದು ಆ ಗಳಿಗೆ. ಸಂಪ್ರದಾಯ ಮಾತಿಗೆ ಸೋಲುವುದಿಲ್ಲ, ತನ್ನ ಮನೆಯವರ ನೋವಿಗೆ ಸೋಲುತ್ತದೆ.

ಆದರೆ ಹೋರಾಟವನ್ನೆಲ್ಲ ಗಂಡಸಿನ ಹೆಗಲಿಗೆ ಹಾಕಿದ್ದನ್ನು ನಾನು ಒಪ್ಪಲಾರೆ. ನಮ್ಮದೇ ತುಂಗಭದ್ರೆಯ ಮೇಲ್ದಂಡೆಯಲ್ಲಿ, ಕೊಪ್ಪಳ ಜಿಲ್ಲೆಯಲ್ಲಿ, ಮಲ್ಲಮ್ಮ ಎಂಬ ಹುಡುಗಿ ಶೌಚಾಲಯ ಬೇಕೆಂದು ಮನೆಯವರ ಎದುರೇ ಊಟ ಬಿಟ್ಟು ಕೂತಳು. ಬಡವರ ಮನೆ. ಪಂಚಾಯಿತಿಯ ಮಹಮ್ಮದ್ ಶಫಿ 18,000 ರೂಪಾಯಿ ಹೊಂದಿಸಿ ಒಂದೇ ವಾರದಲ್ಲಿ ಕಟ್ಟಿಸಿಕೊಟ್ಟರು. 2016ರ ಆಗಸ್ಟ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದನ್ನು ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. ಆ ಹುಡುಗಿಗೆ ಹೀರೋ ಬೇಕಾಗಲಿಲ್ಲ. ನಮ್ಮ ಮಕ್ಕಳಿಗೆ ಸಿನಿಮಾ ತೋರಿಸುವ ದಿನವೇ ಅವಳ ಕಥೆಯನ್ನೂ ಹೇಳಿ ಎಂದು ಇಲ್ಲಿಗೆ ಬಂದಿರುವ ಕನ್ನಡ ಶಾಲೆಗಳ ಮೇಷ್ಟ್ರುಗಳನ್ನು ಕೇಳಿಕೊಳ್ಳುತ್ತೇನೆ.

ಈಗ ನಮ್ಮ ಊರಿಗೆ ಬರೋಣ. 2014ರಿಂದ ಸ್ವಚ್ಛ ಭಾರತದಲ್ಲಿ ಮನೆಗೆ 12,000 ರೂಪಾಯಿ ಸಹಾಯಧನ ಬಂತು, ಗೋಡೆಗಳು ಎದ್ದವು. ಕೋಸಗಿ ಕಡೆಯ ಒಂದು ಮನೆಯಲ್ಲಿ ನಾನು ನೋಡಿದ ಶೌಚಾಲಯಕ್ಕೆ ನೀಲಿ ತಗಡಿನ ಬಾಗಿಲಿತ್ತು. ತೆರೆದರೆ ಒಳಗೆ ಎದೆಮಟ್ಟ ಹತ್ತಿಕಟ್ಟಿಗೆ, ಅದರ ಮೇಲೆ ಕುಳ್ಳು, ಮೂಲೆಯಲ್ಲಿ ಹಳೇ ಗೊಬ್ಬರದ ಚೀಲ. ಬೇಸಿನ್ನಿಗೆ ಅಂಟಿಸಿದ್ದ ಕಾಗದ ಕೂಡ ಹಾಗೇ ಇತ್ತು. ಮನೆಯ ಅಜ್ಜಿಗೆ ತುಳಸಿಯ ಚಿಂತೆ ಇರಲಿಲ್ಲ. “ಯಪ್ಪಾ, ಗುಂಡಿ ತುಂಬಿದ ಮ್ಯಾಲೆ ಯಾರು ಎತ್ತಬೇಕು? ನಮ್ಮ ಮನ್ಯಾಗಿನೋರು ಕೈ ಹಚ್ಚಂಗಿಲ್ಲ” ಅಂದಳು.

ಸಿನಿಮಾ ಕೇಳದೆ ಬಿಟ್ಟ ಪ್ರಶ್ನೆ ಇದು. ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಉತ್ತರ ಭಾರತದ ಹಳ್ಳಿಗಳನ್ನು ಸುತ್ತಿ 2017ರಲ್ಲಿ ಬರೆದ ಪುಸ್ತಕವೂ ಇಲ್ಲಿಗೇ ಬಂದು ನಿಲ್ಲುತ್ತದೆ: ಶೌಚಾಲಯ ಬಿದ್ದಿರಲು ಬಡತನಕ್ಕಿಂತ ಮಡಿ-ಮೈಲಿಗೆಯ, ಜಾತಿಯ ಭಯ ದೊಡ್ಡ ಕಾರಣ. ಮಲ ಎತ್ತುವ ಕೆಲಸವನ್ನು ಒಂದು ಜಾತಿಯ ತಲೆಗೆ ಕಟ್ಟಿದ ನಾವು, ಆ ಜನ ಒಲ್ಲೆವೆಂದ ದಿನ ಗುಂಡಿಗೇ ಹೆದರಿ ಕೂತೆವು. ಅವರು ಒಲ್ಲೆವೆಂದದ್ದು ನ್ಯಾಯ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಎಪ್ಪತ್ತರ ದಶಕದಲ್ಲೇ ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮುಂದಾದರು. ಕೋಲಾರದ ಚಿನ್ನದ ಗಣಿಯ ಪೌರಕಾರ್ಮಿಕರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಬದುಕನ್ನೇ ಇದಕ್ಕೆ ಕೊಟ್ಟರು. ಈ ಕೆಲಸವನ್ನು ನಿಷೇಧಿಸಲು 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು.

ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲವೆಂದಲ್ಲ. ಜೋಡಿ ಗುಂಡಿ ತೋಡಿದರೆ ಒಂದು ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಚೇಂಬರಿನಲ್ಲಿ ಇನ್ನೊಂದು ಗುಂಡಿಗೆ ದಾರಿ ಬದಲಿಸಿ, ತುಂಬಿದ್ದನ್ನು ಒಂದೂವರೆ ವರ್ಷ ಮುಚ್ಚಿಟ್ಟರೆ ವಾಸನೆಯಿಲ್ಲದ ಒಣಗೊಬ್ಬರ. ಆದರೆ ನಮ್ಮದು ಎರೆಭೂಮಿ, ನೀರು ಬೇಗ ಇಂಗುವುದಿಲ್ಲ. ಇಟ್ಟಿಗೆಯ ಹೊರಗೆ ಸುಮಾರು ಒಂದು ಅಡಿ ಅಗಲಕ್ಕೆ ಮರಳು, ಗರಸು ತುಂಬದಿದ್ದರೆ ಮಳೆಗಾಲದಲ್ಲಿ ಗುಂಡಿ ಉಕ್ಕುತ್ತದೆ. ಪಟ್ಟಣದ ಬೇಸಿನ್ ಬೇಡುವಷ್ಟು ನೀರು ನಮ್ಮಲ್ಲಿಲ್ಲ. ಕಡಿದಾದ ಇಳಿಜಾರಿನ ಬೇಸಿನ್ನಿಗೆ ಎರಡು ಲೀಟರು ಸಾಕು. ತಳ್ಳುಬಂಡಿಯಲ್ಲಿ ಕೊಡ ಜೋಡಿಸಿ ನೀರು ತರುವವಳಿಗೆ ಈ ವ್ಯತ್ಯಾಸ ದಿನಕ್ಕೆ ಎಷ್ಟು ಕೊಡ ಅನ್ನುವುದು ಚೆನ್ನಾಗಿ ತಿಳಿದಿದೆ. ಅವಳನ್ನು ಕೇಳಿ ಕಟ್ಟಿದವರು ಕಡಿಮೆ.

ಇನ್ನೊಂದು ಮಾತು. ಕನ್ನಡದಲ್ಲಿ ಸುಗ್ಗಿ ಎಂದರೆ ಸಂಭ್ರಮ. ನಮ್ಮ ಭಾಗದಲ್ಲಿ ಸುಗ್ಗಿಗೆ ಹೋಗುವುದೆಂದರೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಶಾಲೆ ಬಿಡಿಸಿ, ಗುಂಟೂರಿನ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವುದು. ತಿಂಗಳುಗಟ್ಟಲೆ ಹೊಲದ ಗುಡಾರದಲ್ಲಿರುವ ಹೆಣ್ಣುಮಗಳಿಗೆ ಊರಿನ ಶೌಚಾಲಯದಿಂದ ಏನು ಬಂತು? ಈ ಬಗ್ಗೆ ಯಾರಾದರೂ ಪ್ರಬಂಧ ತಂದಿದ್ದರೆ ಮೊದಲು ಕೇಳಿಸಿಕೊಳ್ಳಲು ನಾನು ಕಾಯುತ್ತಿದ್ದೇನೆ.

ಆ ಅಜ್ಜಿಗೆ ನಾನು ಒಂದು ಘಟನೆ ಹೇಳಿದೆ. ಸಿನಿಮಾ ಬಂದ ವರ್ಷವೇ, ಫೆಬ್ರವರಿಯಲ್ಲಿ, ವಾರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತಾವೇ ಗುಂಡಿಗಿಳಿದು ಒಣಗಿದ ಗೊಬ್ಬರ ತೆಗೆದರು, ಕೈಯಲ್ಲಿ ಹಿಡಿದು ತೋರಿಸಿದರು. ಅಜ್ಜಿ ಗಮನವಿಟ್ಟು ಕೇಳಿದಳು. ಕುಳ್ಳಿನ ಪುಡಿ ಅಂಟಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಹೌದೇನಪ್ಪಾ, ಅವರು ಯಾವ ಜನ?” ಎಂದಳು.

ನಾನು ಸುಮ್ಮನಾದೆ. ಈ ಎರಡು ದಿನದ ಮಾತು ಅಲ್ಲಿಂದ ಶುರುವಾಗಲಿ.