ರೋಗಕ್ಕೆ ಭಾಷೆಯಿಲ್ಲ, ಔಷಧದ ಚೀಟಿಗೆ ಇದೆ!

(ತೆಲಿಗಿಯಲ್ಲಿ ಆಡಿದ ಮಾತಿನ ಬರಹರೂಪ)



ಕನ್ನಡದ ಸಭೆ ಎಂದರೆ ಬೆಂಗಳೂರಿನ ನಾಮಫಲಕ, ಬ್ಯಾಂಕಿನ ಚಲನ್, ರೈಲ್ವೆ ನೇಮಕಾತಿ, ಇವುಗಳ ಮಾತೇ ಬರುತ್ತದೆ ಎಂದು ನೀವು ಎಣಿಸಿರಬಹುದು. ಅದೂ ಬೇಕು. ಆದರೆ ಇವತ್ತು ನಾನು ಆಡಬೇಕೆಂದಿರುವುದು ಕೊರೊನಾ ಕಾಲದ ಮಾತು. ಕೊರೊನಾಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳುತ್ತೀರಾ? ಸಂಬಂಧ ಇದೆ. ಸಾವು ಬದುಕಿನ ಸಂಬಂಧ ಇದೆ. ದಯವಿಟ್ಟು ಕೇಳಿ.

2020ರ ಮಾರ್ಚ್ ತಿಂಗಳಲ್ಲಿ ಈ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮದೇ ಕಲಬುರಗಿಯಲ್ಲಿ. ಅದೇ ತಿಂಗಳ 24ರ ರಾತ್ರಿ 8 ಗಂಟೆಗೆ ಪ್ರಧಾನಿಗಳು ದೂರದರ್ಶನದಲ್ಲಿ ಹಿಂದಿಯಲ್ಲಿ ಮಾತಾಡಿದರು. ನಾಲ್ಕು ತಾಸು ಕಳೆಯುವುದರೊಳಗೆ ದೇಶವೇ ಬಂದ್! ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ, ಕಬ್ಬು ಕಡಿಯುವುದಕ್ಕೆ ಗುಳೆ ಹೋದ ಜನ ಎಷ್ಟು ಎಂಬುದು ನಿಮಗೆ ಗೊತ್ತಿದೆ. ಅವರಿಗೆ ಆ ರಾತ್ರಿ ಏನು ಅರ್ಥವಾಯಿತು? ಬಸ್ಸು ಇಲ್ಲ ಎಂಬುದು ಅರ್ಥವಾಯಿತು. ಉಳಿದದ್ದನ್ನು ಯಾರು ತಿಳಿಸಿ ಹೇಳಿದರು?

ಆಮೇಲೆ ಒಂದರ ಹಿಂದೆ ಒಂದು ಪದಗಳ ಮಳೆ ಸುರಿಯಿತು. ಲಾಕ್‌ಡೌನ್, ಕ್ವಾರಂಟೈನ್, ಹೋಂ ಐಸೊಲೇಷನ್, ಕಂಟೈನ್‌ಮೆಂಟ್ ಜೋನ್, ಪ್ರೈಮರಿ ಕಾಂಟ್ಯಾಕ್ಟ್. ಇವು ಸಾಲದು ಎಂದು ನಮ್ಮ ರಾಜ್ಯದಲ್ಲಿ 'ಸೀಲ್‌ಡೌನ್' ಬೇರೆ! ನಮ್ಮ ಹಿರಿಯರ ಕಾಲದಲ್ಲೂ ಮಹಾಮಾರಿಗಳು ಬಂದಿದ್ದವು. ವಾಂತಿಭೇದಿ ಎಂದರು. ಹೆಸರು ಕೇಳಿದರೇ ರೋಗಲಕ್ಷಣ ತಿಳಿಯುತ್ತಿತ್ತು. ಸಿಡುಬು ಎಂದರೆ ಮಗುವಿಗೂ ತಿಳಿಯುತ್ತಿತ್ತು. ಆದರೆ ಈ ಸಲ ರೋಗ ಏನೆಂದು ತಿಳಿಯುವ ಮೊದಲು ಅದರ ಪದಗಳಿಗೇ ಹೆದರಬೇಕಾಯಿತು.

ಒಂದು ಉದಾಹರಣೆ ಕೊಡುತ್ತೇನೆ. 'ಪಾಸಿಟಿವ್' ಎಂದರೆ ಏನು? ಶಾಲೆಯಲ್ಲಿ ಓದುವ ಹುಡುಗನನ್ನು ಕೇಳಿ, 'ಒಳ್ಳೆಯದು' ಎನ್ನುತ್ತಾನೆ. 'ನೆಗೆಟಿವ್' ಎಂದರೆ ಕೆಟ್ಟದ್ದು ಎನ್ನುತ್ತಾನೆ. ಆಸ್ಪತ್ರೆಯ ಚೀಟಿಯಲ್ಲಿ ಅದು ತಿರುಗಾ ಮುರುಗಾ. ಮೂಗಿನ ದ್ರವ ಕೊಟ್ಟು ಬಂದು, ಎದೆ ಹಿಡಿದುಕೊಂಡು ಕಾದು ಕುಳಿತ ಮುದುಕಪ್ಪನ ಕೈಗೆ ಇಂಗ್ಲಿಷಿನ ಆ ಚೀಟಿ ಬಂದರೆ ಅವನು ಸಂತೋಷಪಡಬೇಕೋ, ಕೋಣೆಯೊಳಗೆ ಬೇರೆ ಮಲಗಬೇಕೋ? 'ಸೋಂಕು ಇದೆ', 'ಸೋಂಕು ಇಲ್ಲ' ಎಂದು ಎರಡು ಮಾತು ಅಚ್ಚು ಹಾಕಿಸುವುದಕ್ಕೆ ಯಾವ ವಿಜ್ಞಾನ ಅಡ್ಡ ಬಂದಿತ್ತು? ಯಾವ ಖಜಾನೆ ಬರಿದಾಗುತ್ತಿತ್ತು?

ಇನ್ನೊಂದು ಹೇಳುತ್ತೇನೆ, ಇದು ಇನ್ನೂ ನೋವಿನದು. ಇಂಗ್ಲಿಷಿನ ಪದವನ್ನು ಹಾಗೆಯೇ ಎತ್ತಿ 'ಸಾಮಾಜಿಕ ಅಂತರ ಕಾಪಾಡಿ' ಎಂದು ಗೋಡೆ ಗೋಡೆಗೂ ಬರೆಸಿದರು. ಅಯ್ಯಾ, ಈ ನಾಡಿನ ಹಳ್ಳಿಗಳಲ್ಲಿ ಸಾಮಾಜಿಕ ಅಂತರ ಏನು ಹೊಸದೇ? ಬಾವಿಯ ಕಟ್ಟೆಯಲ್ಲಿ, ಗುಡಿಯ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ ಅದನ್ನು ಕಾಪಾಡಿದ್ದು ಸಾಲದೇ? ನಾವು ಅಳಿಸಬೇಕೆಂದು ಹೋರಾಡಿದ್ದನ್ನು ಸರ್ಕಾರವೇ ಗೋಡೆಗೆ ಬರೆಸಿ ಕಾಪಾಡಿ ಎಂದಿತು! ವಿಶ್ವ ಆರೋಗ್ಯ ಸಂಸ್ಥೆಯವರೇ 2020ರ ಮಾರ್ಚ್‌ನಲ್ಲಿ ಎಚ್ಚೆತ್ತು, ಅದು ಸಾಮಾಜಿಕ ಅಂತರವಲ್ಲ, ದೈಹಿಕ ಅಂತರ ಎಂದು ಹೇಳತೊಡಗಿದರು. ನಮ್ಮ ಗೋಡೆಗಳ ಮೇಲೆ ಹಳೆಯದೇ ಉಳಿಯಿತು.

ಬೇಕಾಗಿದ್ದದ್ದು ಎಷ್ಟು ದೂರ? ಆರು ಅಡಿ. ನಮ್ಮ ಕಡೆ ಹಗ್ಗವನ್ನೂ ಬಾವಿಯ ಆಳವನ್ನೂ ಯಾವುದರಲ್ಲಿ ಅಳೆಯುತ್ತೇವೆ? ಮಾರಿನಲ್ಲಿ. ಎರಡು ಕೈ ಚಾಚಿದರೆ ಒಂದು ಮಾರು, ಹೆಚ್ಚು ಕಡಿಮೆ ಆರು ಅಡಿ. 'ಒಬ್ಬರಿಗೊಬ್ಬರು ಒಂದು ಮಾರು ದೂರ ನಿಲ್ಲಿ' ಎಂದು ಡಂಗುರ ಸಾರಿಸಿದ್ದರೆ ಅಕ್ಷರ ಬಾರದ ಅಜ್ಜಿಯೂ ಕೈ ಚಾಚಿ ಅಳೆದು ನಿಲ್ಲುತ್ತಿದ್ದಳು. ಕನ್ನಡದಲ್ಲಿ ಪದವಿಲ್ಲ ಎನ್ನುವ ಪಂಡಿತರಿಗೆ ಇದೇ ನನ್ನ ಉತ್ತರ. ಪದ ಇತ್ತು, ಅದನ್ನು ಕೇಳುವ ಕಿವಿ ಕಚೇರಿಗಳಿಗೆ ಇರಲಿಲ್ಲ.

ನಮ್ಮ ಸೀಮೆಯ ಹೊರಬೀಡು ನಿಮಗೆ ಗೊತ್ತಿರುವುದೇ. ಊರಿಗೆ ಬೇನೆ ಬಂದರೆ ಮನೆಗೆ ಬೀಗ ಹಾಕಿ ಊರ ಹೊರಗೆ ಬಿಡಾರ ಮಾಡುವುದು, ವಾರ ಹಿಡಿದು ಕೆಲಸ ನಿಲ್ಲಿಸುವುದು. ದೇವಿಗೆ ಹರಕೆ ಹೊತ್ತರೆ ಸೋಂಕು ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಒಂದೇ ಕಡೆ ಗುಂಪು ಕೂಡಿ ಹರಕೆ ಹೊತ್ತರೆ ಸೋಂಕು ಹೆಚ್ಚುತ್ತದೆ ಎಂದೇ ಹೇಳುತ್ತೇನೆ. ಆದರೆ ಬೇನೆ ಬಂದಾಗ ಬೇರೆ ಇರಬೇಕು, ಓಡಾಟ ನಿಲ್ಲಿಸಬೇಕು ಎಂಬ ತಿಳಿವಳಿಕೆ ನಮ್ಮ ಜನಕ್ಕೆ ಮೊದಲೇ ಇತ್ತು. ಆ ತಿಳಿವಳಿಕೆಯ ಕೈ ಹಿಡಿದು ಮಾತಾಡಿದ್ದರೆ ಜನ ತಾವಾಗಿ ನಡೆಯುತ್ತಿದ್ದರು. ಲಾಠಿ ಬೀಸಬೇಕಾಗಿರಲಿಲ್ಲ.

ಇನ್ನು ಲಸಿಕೆಗೆ ಬನ್ನಿ. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾಯಿತು. ಮೇ 1ರಿಂದ 18 ವರ್ಷ ದಾಟಿದವರಿಗೆಲ್ಲ ಎಂದರು. ಆದರೆ 18ರಿಂದ 44 ವರ್ಷದವರು ಮೊದಲು 'ಕೋವಿನ್' ಎಂಬ ಜಾಲದಲ್ಲಿ ಹೆಸರು ಬರೆಸಲೇಬೇಕು ಎಂಬ ಕಟ್ಟಳೆ ಹಾಕಿದರು. ಆ ಜಾಲ ಆಗ ಯಾವ ಭಾಷೆಯಲ್ಲಿತ್ತು? ಇಂಗ್ಲಿಷಿನಲ್ಲಿ! ಒಂದು ವರ್ಷ ಮೊದಲು, 2020ರ ಏಪ್ರಿಲ್‌ನಲ್ಲಿ ಬಂದ ಆರೋಗ್ಯ ಸೇತುವಿನಲ್ಲಿ ಕನ್ನಡ ಇತ್ತು. ಅಂದರೆ ಕೇಂದ್ರಕ್ಕೆ ಮಾಡಲು ಬರುತ್ತಿರಲಿಲ್ಲ ಎಂದಲ್ಲ. ಜೀವ ಉಳಿಸುವ ಜಾಲಕ್ಕೆ ಕನ್ನಡ ತಕ್ಷಣ ಬೇಕು ಎಂದು ಅನಿಸಿರಲಿಲ್ಲ, ಅಷ್ಟೇ. ಕೋವಿನ್‌ಗೆ ಕನ್ನಡ ಬಂದದ್ದು ಜೂನ್ ತಿಂಗಳಲ್ಲಿ. ಎರಡನೇ ಅಲೆ ಮನೆ ಮನೆಯಲ್ಲಿ ಹೆಣ ಬೀಳಿಸಿದ ಮೇಲೆ!

ಆ ಮೇ ತಿಂಗಳಲ್ಲಿ ಏನಾಯಿತು? ಕಂಪ್ಯೂಟರ್ ಬಲ್ಲ ಬೆಂಗಳೂರಿನವರು ಸುತ್ತಮುತ್ತಲಿನ ಜಿಲ್ಲೆಗಳ ಹಳ್ಳಿ ಆರೋಗ್ಯ ಕೇಂದ್ರಗಳಲ್ಲಿ ಜಾಗ ಕಾದಿರಿಸಿ, ಕಾರಿನಲ್ಲಿ ಹೋಗಿ ಸೂಜಿ ಹಾಕಿಸಿಕೊಂಡು ಬಂದ ಸುದ್ದಿ ಪತ್ರಿಕೆಗಳಲ್ಲೇ ಬಂತು. ಆ ಹಳ್ಳಿಯವನು ತನ್ನೂರ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡಬೇಕಾಯಿತು. ಬಂದವರನ್ನು ಬೈಯುವುದು ಬೇಡ, ಅವರದೂ ಜೀವವೇ. ಬೈಯಬೇಕಾದದ್ದು ಆ ಕಟ್ಟಳೆಯನ್ನು. ಮೇ 24ರಂದು ಕೇಂದ್ರ ತಗ್ಗಿತು. ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ಹೆಸರು ಬರೆಸಬಹುದು ಎಂದಿತು. ಮೇ 31ರಂದು ಸರ್ವೋಚ್ಚ ನ್ಯಾಯಾಲಯವೇ ಕೇಳಿತು, ಮೊಬೈಲು ಇಂಟರ್ನೆಟ್ಟು ಇಲ್ಲದ ಹಳ್ಳಿಗರ ಗತಿ ಏನು ಎಂದು. ನಾವು ಕೇಳಬೇಕಾದದ್ದನ್ನು ನ್ಯಾಯಾಲಯ ಕೇಳಿತು. ನಾವು ಎಲ್ಲಿದ್ದೆವು?

ಈ ನಡುವೆ ಕನ್ನಡವನ್ನು ಉಳಿಸಿದವರು ಯಾರು ಗೊತ್ತೇ? ವೇದಿಕೆಯ ಮೇಲಿನ ನಾವಲ್ಲ. ಆಶಾ ಕಾರ್ಯಕರ್ತೆಯರು! 'ಆಶಾ' ಎಂದರೆ ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರ. ಆದರೆ ನಮ್ಮ ಜನ ಅದನ್ನು ಕನ್ನಡದ ಆಶೆ ಎಂದೇ ತಿಳಿದರು. ಆ ಹೆಣ್ಣುಮಕ್ಕಳು ಮನೆ ಮನೆಗೆ ಹೋಗಿ ಚೀಟಿ ಓದಿ ಹೇಳಿದರು. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ 94ಕ್ಕಿಂತ ಕೆಳಗೆ ಬಂದರೆ ತಡಮಾಡಬೇಡಿ, ಆಸ್ಪತ್ರೆಗೆ ಹೋಗಿ ಎಂದು ತಿಳಿಸಿದರು. ಸರ್ಕಾರದ ಇಂಗ್ಲಿಷನ್ನು ಊರ ಕನ್ನಡಕ್ಕೆ ತಂದ ಅನುವಾದಕರು ಅವರು. ಅದಕ್ಕೆ ಅವರಿಗೆ ಸಿಕ್ಕದ್ದೇನು? 2020ರ ಜುಲೈ 10ರಿಂದ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ನಿಶ್ಚಿತ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿ ಕೂಗಬೇಕಾಯಿತು. ಚಪ್ಪಾಳೆ ತಟ್ಟಿದ ಕೈಗಳು ಜೇಬಿಗೆ ಹೋಗಲಿಲ್ಲ.

ಈಗ ನಮ್ಮ ಪಂಚಾಯಿತಿಯ ಮಾತು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರದು. ಅದರ ಒಂದನೆಯ ಅನುಸೂಚಿಯಲ್ಲಿ ಸಾಂಕ್ರಾಮಿಕ ರೋಗ ತಡೆಯುವುದು, ಪರಿಹಾರ ಮಾಡುವುದು ಗ್ರಾಮ ಪಂಚಾಯಿತಿಯ ಕೆಲಸ ಎಂದೇ ಇದೆ. ಆದರೆ 2020ರಲ್ಲಿ ಆದದ್ದೇನು? ಸದಸ್ಯರ ಅವಧಿ ಮುಗಿಯಿತು, ಚುನಾವಣೆ ಮುಂದಕ್ಕೆ ಹೋಯಿತು, ಆಡಳಿತಾಧಿಕಾರಿಗಳು ಬಂದರು. ಸೋಂಕು ಏರುತ್ತಿದ್ದ ತಿಂಗಳುಗಳಲ್ಲೇ ರಾಜ್ಯದ ಹಳ್ಳಿಗಳಿಗೆ ತಾವು ಆರಿಸಿದ ಸದಸ್ಯ ಇರಲಿಲ್ಲ. ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ಆದ್ದರಿಂದ ನಾನು ಹೇಳುವುದು ಇಷ್ಟೇ. ಅಧ್ಯಕ್ಷರೇ ಇರಲಿ, ಆಡಳಿತಾಧಿಕಾರಿಯೇ ಇರಲಿ, ಕುರ್ಚಿಯಲ್ಲಿ ಯಾರೇ ಕೂತಿರಲಿ, ನಮಗೆ ತಿಳಿಯುವ ಭಾಷೆಯಲ್ಲಿ ತಿಳಿಸುವ ಹೊಣೆ ಆ ಕುರ್ಚಿಯದು.

ತಿಳಿದರೆ ಏನು ಲಾಭ? ಲೆಕ್ಕ ಹಾಕಿ. 2020ರ ಏಪ್ರಿಲ್‌ನಿಂದ ಕೇಂದ್ರದ ಉಚಿತ ಧಾನ್ಯ ತಲೆಗೆ ತಿಂಗಳಿಗೆ 5 ಕಿಲೋ ಇತ್ತು. ಗೊತ್ತಿದ್ದವನು ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಕೇಳಿದ, ಗೊತ್ತಿಲ್ಲದವನು ಕೊಟ್ಟಷ್ಟು ಕಟ್ಟಿಕೊಂಡು ಬಂದ. ಆಗಿನ ಉದ್ಯೋಗ ಖಾತರಿಯಲ್ಲಿ 2020–21ರ ಕೂಲಿ ದಿನಕ್ಕೆ 275 ರೂಪಾಯಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆದರೆ 15 ದಿನದಲ್ಲಿ ಕೆಲಸ ಕೊಡಬೇಕು ಎಂಬುದು ಕಾನೂನು. ಗುಳೆಯಿಂದ ಬರಿಗೈಲಿ ಮರಳಿದವನಿಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದಿತ್ತು? ಸ್ವೀಕೃತಿ ಕೇಳಬೇಕು ಎಂಬ ಒಂದು ಮಾತು ತಿಳಿಯದೆ ಕೂಲಿ ಕಳೆದುಕೊಂಡವನಿಗೆ ಹೊಟ್ಟೆಯ ಮೇಲೆ ಹೊಡೆದದ್ದು ರೋಗವಲ್ಲ, ಮಾಹಿತಿಯ ಬರ.

ನಮ್ಮ ತಾಲ್ಲೂಕಿನ ಕಷ್ಟ ಇನ್ನೊಂದಿದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ತೆಲಿಗಿಯವರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಇರುವುದು ದಾವಣಗೆರೆಯಲ್ಲಿ. ಅದರ ಹೆಸರೇ ಚಿಗಟೇರಿ ಆಸ್ಪತ್ರೆ, ಆ ಹೆಸರಿನ ಊರು ನಮ್ಮ ತಾಲ್ಲೂಕಿನಲ್ಲೇ ಇದೆ! ಕಾಗದಪತ್ರ ಒಂದು ಜಿಲ್ಲೆಯದು, ಕಾಲು ಎಳೆಯುವುದು ಇನ್ನೊಂದು ಜಿಲ್ಲೆಗೆ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದರೆ ಯಾವ ಊರಿಗೆ ಹೋಗಬೇಕು, ಯಾವ ಸಂಖ್ಯೆಗೆ ಕರೆಯಬೇಕು, ಹಾಸಿಗೆ ಯಾರು ಕೊಡಿಸುತ್ತಾರೆ? ಇದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕುವುದಕ್ಕೆ ಇನ್ನೊಂದು ಮಹಾಮಾರಿ ಬರಬೇಕೇ?

'ವೈದ್ಯಕೀಯದ ಭಾಷೆ ಇಂಗ್ಲಿಷ್, ಏನು ಮಾಡುವುದು' ಎನ್ನುವವರಿದ್ದಾರೆ. ವೈದ್ಯರು ತಮ್ಮತಮ್ಮಲ್ಲಿ ಯಾವ ಭಾಷೆಯಲ್ಲಾದರೂ ಬರೆದುಕೊಳ್ಳಲಿ. ರೋಗಿಯ ಕೈಗೆ ಬರುವ ಕಾಗದ ಮಾತ್ರ ರೋಗಿಯ ಭಾಷೆಯಲ್ಲಿರಲಿ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಆರೋಗ್ಯ ಸಚಿವರಿಗೆ ಪತ್ರ ಬರೆದು, ಸರ್ಕಾರಿ ವೈದ್ಯರು ಕನ್ನಡದಲ್ಲಿ ಔಷಧ ಚೀಟಿ ಬರೆಯಲಿ ಎಂದು ಕೇಳಿದರು. ಅದು ನಮ್ಮೆಲ್ಲರ ಬೇಡಿಕೆಯಾಗಬೇಕು. ಜೊತೆಗೆ ನಮ್ಮ ಕಚೇರಿ ಕನ್ನಡಕ್ಕೂ ಒಂದು ಮಾತು. 'ಸಾಂಸ್ಥಿಕ ಸಂಪರ್ಕ ನಿಷೇಧ' ಎಂದು ಬರೆದರೆ ಅದು ಇಂಗ್ಲಿಷಿಗಿಂತ ದೊಡ್ಡ ಬೇಲಿ. 'ಹಾಸ್ಟೆಲಿನಲ್ಲಿ 14 ದಿನ ಬೇರೆ ಇರಬೇಕು' ಎಂದು ಬರೆಯಿರಿ, ಸಾಕು. ತಾಂಡಾದ ತಾಯಿಗೆ ಲಂಬಾಣಿಯಲ್ಲೂ, ಉರ್ದು ಮನೆಮಾತಿನವರಿಗೆ ಉರ್ದುವಿನಲ್ಲೂ ಕೂಗಿ ಹೇಳಿಸಿ. ಇದರಿಂದ ಕನ್ನಡ ಸೊರಗುವುದಿಲ್ಲ. ಮನೆಮಾತಿಗೆ ಬೆಲೆ ಕೇಳುವ ನಾವು ಇನ್ನೊಬ್ಬರ ಮನೆಮಾತಿಗೆ ಬೆಲೆ ಕೊಡದಿದ್ದರೆ ನಮ್ಮ ಹೋರಾಟಕ್ಕೆ ಮುಖವೆಲ್ಲಿ?

ಬಂಧುಗಳೇ, ಕೂಗಿ ಮನೆಗೆ ಹೋಗುವುದು ಬೇಡ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮುಂದಿನ ಸಭೆಗೆ ಹೋಗಿ. ಈ ನಾಲ್ಕು ಹಕ್ಕೊತ್ತಾಯ ಇಡಿ.

ಒಂದು, ರೋಗದ ಸುದ್ದಿ, ಆಸ್ಪತ್ರೆ, ಪಡಿತರ, ಕೆಲಸ, ಇವುಗಳ ಪ್ರಕಟಣೆ ತಿಳಿಗನ್ನಡದಲ್ಲಿ ಪಂಚಾಯಿತಿ ಫಲಕದ ಮೇಲೆ ಬರಬೇಕು, ಡಂಗುರವೂ ಆಗಬೇಕು. ಎರಡು, ಪರೀಕ್ಷೆಯ ಚೀಟಿಯಲ್ಲಿ 'ಸೋಂಕು ಇದೆ, ಇಲ್ಲ' ಎಂದಿರಬೇಕು, ಮಾತ್ರೆಯ ಲಕೋಟೆಯ ಮೇಲೆ 'ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ' ಎಂದು ಬರೆದಿರಬೇಕು. ಮೂರು, ಮೊಬೈಲಿನಲ್ಲಿ ಹೆಸರು ಬರೆಸುವ ಯಾವ ಯೋಜನೆ ಬಂದರೂ ಮೊದಲ ದಿನದಿಂದಲೇ ಕನ್ನಡ ಇರಬೇಕು, ಇಲ್ಲವೇ ಪಂಚಾಯಿತಿಯಲ್ಲಿ ಸಿಬ್ಬಂದಿಯೇ ಬರೆದುಕೊಡಬೇಕು. ನಾಲ್ಕು, ರೋಗದ ಹೆಸರಲ್ಲಿ ಆದ ಖರ್ಚನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಬೇಕು.

ಬಾಯಲ್ಲಿ ಹೇಳಿ ಬರಬೇಡಿ. ಕನ್ನಡದಲ್ಲಿ ಬರೆದು ಕೊಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸ್ವೀಕೃತಿ ಪಡೆಯಿರಿ. ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂಬುದಕ್ಕೆ ಹಿಂಬರಹ ಕೇಳಿ. ಓದು ಬಂದವರು ಬಾರದವರಿಗೆ ಬರೆದುಕೊಡಿ. ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಇನ್ನೊಂದಿಲ್ಲ.

ಮುಂದಿನ ರೋಗ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಅದು ನಮ್ಮ ಭಾಷೆ ಯಾವುದೆಂದು ಕೇಳಿ ಬರುವುದಿಲ್ಲ. ಆದರೆ ಅದರ ಎಚ್ಚರಿಕೆ ನಮ್ಮ ಭಾಷೆಯಲ್ಲೇ ಬರಬೇಕು, ರೋಗಕ್ಕಿಂತ ಮೊದಲು ಬರಬೇಕು. ಈ ಕೆಲಸ ಗೋಡೆಯ ಮೇಲಿನ ಒಂದು ಸಾಲಿನಿಂದ, ತೆಲಿಗಿಯಿಂದಲೇ ಶುರುವಾಗಲಿ.

ಸಿರಿಗನ್ನಡಂ ಗೆಲ್ಗೆ!